ಬಿಳಿ ಪರದೆಯ ಇಲಿಗಳು

ಬಾಲಮ್ಮ ಹೊಲದ ಬದುವಿನ ಮೇಲೆ ನಿಂತು ಗಂಡನನ್ನು ಕೂಗಿದರೆ, ಶಹಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕುಳಿತ ಯಾರೋ ನಾಲ್ಕು ಜನ ಮರಿಲಿಂಗಪ್ಪರು ಒಮ್ಮೆಲೇ ಎದ್ದು ಧೋತರ ಜಾಡಿಸಿಕೊಳ್ಳುತ್ತಿದ್ದರು. ಅವಳ ಸ್ವಂತ ಮರಿಲಿಂಗಪ್ಪ ಮಾತ್ರ ಮಗ್ಗುಲಿನ ಬೇವಿನ ಗಿಡದ ಕೆಳಗೇ ಇದ್ದೂ ಏಳುತ್ತಿರಲಿಲ್ಲ. ವರ್ಷವಿಡೀ ಮಲಗಿ, ವರ್ಷಕ್ಕೊಮ್ಮೆ ಎದ್ದು, ಒಂದು ಕಲ್ಲು ಎತ್ತಿ ಇಳಿಸಿ, ಮತ್ತೆ ಮಲಗುವ ಗಂಡಸು ಅವನು. ಆ ಒಂದು ಕಲ್ಲಿನ ಮೇಲೆಯೇ ಬಾಲಮ್ಮನ ಮನೆಯ ವರ್ಷದ ಅನ್ನ ನಿಂತಿತ್ತು.

ಅದು ಹೇಗೆಂದರೆ, ಸುರಪುರದಿಂದ ಶಹಾಪುರಕ್ಕೆ ಹೋಗುವ ರಸ್ತೆಗೆ ಬೆನ್ನು ಕೊಟ್ಟು ಕೂತ ಆ ಊರಿಗೆ ಕೃಷ್ಣೆಯ ಕಾಲುವೆ ಬಂದಾಗ, ಬಾಲಮ್ಮನ ಹೊಲಕ್ಕೂ ಪಕ್ಕದ ಅಂಬ್ರಪ್ಪನ ಹೊಲಕ್ಕೂ ಸೇರಿಸಿ ಒಂದೇ ತೂಬು ಇಟ್ಟು ಹೋದರು. ಇಬ್ಬರು ಸವತಿಯರಿಗೆ ಒಂದೇ ಒಲೆ ಹೂಡಿಕೊಟ್ಟ ಹಾಗಾಯಿತು. ತೂಬು ತೆರೆದಾಗ ಮೊದಲ ಪಾಳಿ ಯಾರದು? ಕೊಡಲಿ ಎತ್ತುವ ಹೊತ್ತಿಗೆ ಊರ ಹಿರಿಯ ಅಯ್ಯಪ್ಪ ಮುತ್ಯಾ ನಡುವೆ ಬಂದು, "ಕೊಡಲಿ ಬ್ಯಾಡ, ಕಲ್ಲು ಎತ್ರಿ" ಎಂದು ತೀರ್ಪು ಕೊಟ್ಟಿದ್ದ. ಹಣಮಪ್ಪನ ಗುಡಿಯ ಮುಂದಿನ ದುಂಡುಕಲ್ಲನ್ನು ಯಾವ ಮನೆಯವರು ಹೆಗಲಿಗೇರಿಸುತ್ತಾರೋ ಆ ಮನೆಗೆ ಮೊದಲ ನೀರು. ಮೋಸ ಮಾಡಿದ ಮನೆಗೆ ಕಡೇ ಪಾಳಿ. ಮರಿಲಿಂಗಪ್ಪ ಆ ಕಲ್ಲನ್ನು ಸೇವಂತಿಗೆಯ ಚೆಂಡಿನಂತೆ ಎತ್ತುತ್ತಿದ್ದ. ಒಂದು ವರ್ಷ ಕಲ್ಲು ಹೆಗಲ ಮೇಲಿರುವಾಗಲೇ ನಿದ್ದೆ ಹೋಗಿದ್ದನೆಂದು ಊರು ಇವತ್ತಿಗೂ ಆಣೆ ಮಾಡುತ್ತದೆ.

ಹೋದ ವರ್ಷ ಕಲ್ಲು ಮೊಣಕಾಲಿನ ತನಕ ಬಂದಾಗ ಅವನ ಸೊಂಟ 'ಟಕ್' ಎಂದಿತು. ಆ ಸದ್ದಿಗೆ ರಂಗಂಪೇಟೆಯ ಜನ ಯಾರ ಮನೆಯ ತೊಲೆ ಮುರಿಯಿತೆಂದು ಹೊರಗೋಡಿ ಬಂದರಂತೆ. ಮೊದಲ ಪಾಳಿ ಅಂಬ್ರಪ್ಪನಿಗೆ ಹೋಯಿತು. ಅವನು ತೂಬನ್ನು ಎಷ್ಟು ದಿನ ತೆರೆದಿಟ್ಟನೆಂದರೆ, ಅವನ ಗದ್ದೆಯ ಕಪ್ಪೆಗಳಿಗೆ ನೆಗಡಿ ಬಂತು. ಇತ್ತ ಬಾಲಮ್ಮನ ಮಡಿಯಲ್ಲಿ ಭತ್ತದ ಸಸಿ ಒಣಗಿ, ಬೆಂಕಿಪೆಟ್ಟಿಗೆ ತೋರಿಸಿದರೆ ಸಾಕು ಹತ್ತಿಕೊಳ್ಳುವ ಹಾಗಾಯಿತು. ಆ ವರ್ಷ ಉಣ್ಣಲು ಅಂಬ್ರಪ್ಪನ ಮನೆಯ ಅಕ್ಕಿಯನ್ನೇ ತರಬೇಕಾಯಿತು. ಅವನೇ ಕೈಯಾರೆ ಅಳೆದು, ಸೇರಿನ ಮೇಲೆ ಇನ್ನೊಂದು ಹಿಡಿ ಹಾಕಿ, ನಕ್ಕು ಹೇಳಿದ್ದ:

"ಉಣ್ಣವ್ವ, ಉಣ್ಣು. ನಿನ್ನ ಪಾಲಿನ ನೀರೂ ಇದರಾಗ ಅದ."

ಅಕ್ಕಿಯಲ್ಲಿ ಕಲ್ಲಿದ್ದವು, ನಿಜ. ಆದರೆ ಬಾಲಮ್ಮನ ಹಲ್ಲಿಗೆ ಸಿಕ್ಕಿದ್ದು ಆ ಮಾತು. ಈ ವರ್ಷ ಮೊದಲ ನೀರು ತನ್ನ ಮಡಿಗೆ ಬೀಳದಿದ್ದರೆ, ಅನ್ನವನ್ನೇ ಬಿಟ್ಟು ರೊಟ್ಟಿಯ ಮೇಲೆ ಜನ್ಮ ತೆಗೆಯುತ್ತೇನೆ, ಅಂಬ್ರಪ್ಪನ ಅಂಗಳ ಮಾತ್ರ ತುಳಿಯುವುದಿಲ್ಲ ಎಂದು ಅವಳು ಪ್ರತಿಜ್ಞೆ ಮಾಡಿದಳು. ದೇವರ ಮುಂದಲ್ಲ, ಎಮ್ಮೆಯ ಮುಂದೆ. ದೇವರಿಗೆ ಮರೆವು ಜಾಸ್ತಿ.

ಈ ಸಲ ಕಾಲುವೆಗೆ ನೀರು ಬಂದು ವಾರವಾಗಿತ್ತು. ಕೆಸರು ತಳಕ್ಕಿಳಿದು, ದಂಡೆಯ ತನಕ ತುಂಬಿ ನಿಂತ ನೀರು ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ತೂಬಿಗೆ ಮಾತ್ರ ಬೀಗ. ಕಲ್ಲು ಎತ್ತೋಣವೆಂದರೆ ಕಲ್ಲೇ ಇಲ್ಲ! ಕಾಲುವೆಯ ರಿಪೇರಿಗೆ ಬಂದ ಗುತ್ತೇದಾರನೊಬ್ಬ ಕೈಗೆ ಸಿಕ್ಕ ಕಲ್ಲನ್ನೆಲ್ಲ ಸಿಮೆಂಟಿನಲ್ಲಿ ಹೂತಿದ್ದ. ದುಂಡುಕಲ್ಲಿನ ನೆತ್ತಿಯಷ್ಟೇ ದಂಡೆಯ ಮೇಲೆ ಕಾಣುತ್ತಿತ್ತು. ಊರ ನಾಯಿಗಳು ಅಲ್ಲಿಗೆ ಬಂದು ಒಂದು ಕಾಲೆತ್ತಿ ತಮ್ಮ ಪಾಳಿ ಮುಗಿಸಿಕೊಂಡು ಹೋಗುತ್ತಿದ್ದವು.

ಇನ್ನೊಂದು ಸೋಜಿಗವೆಂದರೆ, ತೂಬು ಮುಚ್ಚಿದ್ದರೂ ಅಂಬ್ರಪ್ಪನ ಹೊಲದ ಮೂಲೆಯಲ್ಲಿ ಪಚಪಚ ಕೆಸರು. ಕೇಳಿದವರಿಗೆ ಅವನು ಕೈ ಮುಗಿದು ಹೇಳುತ್ತಿದ್ದ: "ಒರತಿ ಎದ್ದದ್ರಿ. ನಮ್ಮ ಮುತ್ಯಾ ಮಾಡಿದ ಪುಣ್ಯ."

ಅವನ ಮುತ್ಯಾ, ಅಂದರೆ ತೀರಿಹೋದ ಅಜ್ಜ, ಊರಿನ ಅರ್ಧ ಕೋಳಿ ಕದ್ದವನೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಸತ್ತವರ ಸುದ್ದಿ ಯಾಕೆಂದು ಸುಮ್ಮನಿದ್ದರು.

ಕಾಲುವೆ ದಂಡೆಯ ಬೇವಿನ ಕೆಳಗೆ ಪಂಚಾಯಿತಿ ಕೂತಿತು. ನಾಣ್ಯ ಚಿಮ್ಮೋಣ ಎಂದ ಅಂಬ್ರಪ್ಪ. ಅವನ ಕಿಸೆಯ ನಾಣ್ಯಕ್ಕೆ ಎರಡೂ ಕಡೆ ರಾಜನ ತಲೆ ಎಂದು ಬಾಲಮ್ಮ ಜಗ್ಗಿ ತೋರಿಸಿದಳು. ಚೌಕಾಬಾರ ಆಡೋಣ ಎಂದಳು ಬಾಲಮ್ಮ. ಅವಳು ಕವಡೆಗೆ ಮಂತ್ರ ಹಾಕುತ್ತಾಳೆ ಎಂದ ಅಂಬ್ರಪ್ಪ. ಹೀಗೆ ಹೊತ್ತು ನೆತ್ತಿಗೇರಿ, ಅಯ್ಯಪ್ಪ ಮುತ್ಯಾನ ತಲೆಗೂ ಏರಿತು. ಆಗ ಅವನ ಕಿವಿಗೆ 'ಟುಂಯ್ ಟುಂಯ್' ಎಂಬ ಸದ್ದು ಬಿತ್ತು. ಗಿಡಕ್ಕೆ ಬೆನ್ನು ಕೊಟ್ಟು ಕೂತಿದ್ದ ಮೆಹಬೂಬ.

ಈ ಮೆಹಬೂಬ ಹತ್ತಿಯ ಲಾರಿ ಓಡಿಸುವವ, ಮುಂಬೈ ಕಂಡವ. ಅಲ್ಲಿಂದ ಎರಡು ವಸ್ತು ತಂದಿದ್ದ. ಒಂದು, ಕಣ್ಣಿಗೆ ಕರೀ ಕನ್ನಡಕ. ಕಡಲಿನ ಮೀನುಗಾರನೊಬ್ಬನಿಂದ ಕೊಂಡದ್ದು. ಅದನ್ನವನು ಹಗಲೂ ತೆಗೆಯುತ್ತಿರಲಿಲ್ಲ, ರಾತ್ರಿಯೂ ತೆಗೆಯುತ್ತಿರಲಿಲ್ಲ. ಗಂಡನಿಗೆ ಕಣ್ಣಿವೆಯೋ ಇಲ್ಲವೋ ಎಂಬುದು ಹೆಂಡತಿ ಇಮಾಮಬೀಗೇ ಖಾತ್ರಿ ಇರಲಿಲ್ಲ. ಇನ್ನೊಂದು, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮಿನ ಡಬ್ಬಿ. ಎಲೆ‌ಅಡಿಕೆ ಡಬ್ಬಿಯಂತೆ ಮುಚ್ಚಳ ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ. ಕೆಳಗಿನದರಲ್ಲಿ ಭತ್ತದ ಗದ್ದೆ, ಬಿಲಗಳು. ಬಿಲದಿಂದ ಇಲಿ ತಲೆ ಹಾಕಿದಾಗ ಕಡ್ಡಿಯಂಥ ಪೆನ್ನಿನಿಂದ ಅದರ ನೆತ್ತಿ ಮುಟ್ಟಬೇಕು. ಮುಟ್ಟಿದರೆ ಇಲಿ ಸತ್ತಂತೆ, ಮೇಲಿನ ಪರದೆಯಲ್ಲಿ ಲೆಕ್ಕ ಏರುತ್ತದೆ. ಮುಟ್ಟದಿದ್ದರೆ ಇಲಿ ಹಲ್ಲು ಕಿಸಿದು ಒಳಗೆ ಹೋಗುತ್ತದೆ.

ಅಯ್ಯಪ್ಪ ಮುತ್ಯಾ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಂಬ್ರಪ್ಪ, ಇದು ನಿನಗ ಬರ್ತದೇನು?"

"ಇಲ್ರಿ."

"ಬಾಲಮ್ಮ, ನಿನಗ?"

"ನಮ್ಮಪ್ಪಗೂ ಬರಂಗಿಲ್ಲ ಮುತ್ಯಾ."

"ಅಂದ್ರ ಇದ ಖರೇ ಆಟ. ಬರೋ ಆಟದಾಗ ಮೋಸ ಇರ್ತದ, ಬರದ ಆಟದಾಗ ಮೋಸ ಹ್ಯಾಂಗ ಮಾಡ್ತೀರಿ? ಡಬ್ಬಿ ಒಂದೊಂದು ದಿನ ಒಬ್ಬೊಬ್ರ ಮನ್ಯಾಗ ಇರಲಿ. ಆಮ್ಯಾಲ ಇಲ್ಲೇ ಆಡ್ರಿ. ಯಾರು ಹೆಚ್ಚು ಇಲಿ ಹೊಡೀತಾರೋ ಅವರಿಗೆ ಮೊದಲ ನೀರು."

ಇಂಥ ತೀರ್ಪನ್ನು ನಿಜಾಮನ ಕಾಲದಿಂದ ಯಾವ ಕಚೇರಿಯೂ ಕೊಟ್ಟಿರಲಿಲ್ಲ.

ಡಬ್ಬಿ ಮೊದಲು ಅಂಬ್ರಪ್ಪನ ಮನೆಗೆ ಹೋಯಿತು. ಮರುದಿನ ಸಂಜೆ ಅವನೇ ತಂದುಕೊಟ್ಟು, ಮೀಸೆ ತಿರುವಿ, "ನಲವತ್ತು ಇಲಿ, ಬಾಲಮ್ಮ. ನಲವತ್ತು! ಈ ಸಲ ಅಕ್ಕಿ ಯಾವ ಚೀಲದಾಗ ತುಂಬಲಿ, ನಿಂದೋ ನಂದೋ?" ಎಂದು ಕೇಳಿ ಹೋದ.

ಬಾಲಮ್ಮ ಡಬ್ಬಿ ತೆರೆದು ಕೂತಳು. ಆ ಪೆನ್ನು ಅವಳ ಬೆರಳ ಸಂದಿಯಲ್ಲಿ ಸೂಜಿಯ ಹಾಗೆ ಕಳೆದುಹೋಯಿತು. ಹತ್ತು ವರ್ಷ ಗದ್ದೆಯ ಇಲಿ ಹೊಡೆದವಳು, ಇಲಿಯನ್ನು ಹೀಗೆ ಸೊಸೆಯ ಕೆನ್ನೆ ಸವರಿದಂತೆ ಮುಟ್ಟಬೇಕೆಂದರೆ ಕೈ ಕೇಳೀತೇ? ಮೊದಲ ಇಲಿ ತಪ್ಪಿತು, ಎರಡನೆಯದು ತಪ್ಪಿತು. ಮೂರನೆಯದು ಹಲ್ಲು ಕಿಸಿಯಿತು. ಆ ಹಲ್ಲಿನಲ್ಲಿ ಅವಳಿಗೆ ಅಂಬ್ರಪ್ಪನ ಹಲ್ಲು ಕಂಡವು. ಪಕ್ಕದಲ್ಲಿದ್ದ ಕಳೆ ಕೀಳುವ ಕುರ್ಪಿಯನ್ನು ತಿರುಗಿಸಿ ಹಿಡಿದು, ಅದರ ಹಿಡಿಯಿಂದ ಒಂದು ಕೊಟ್ಟಳು ನೋಡಿ! ಇಲಿ ಸತ್ತಿತು. ಪರದೆಯೂ ಸತ್ತಿತು. ಮೂಲೆಯಿಂದ ಮೂಲೆಗೆ ಕೃಷ್ಣಾನದಿಯ ನಕ್ಷೆ ಬರೆದಂತೆ ಬಿರುಕು. ಇಲಿಗಳು ಕೆಳಗೆ ಕಾಣುತ್ತಿದ್ದವು, ಆದರೆ ಎಲ್ಲಿ ಮುಟ್ಟಿದರೂ ಡಬ್ಬಿಗೆ ತಿಳಿಯಲೊಲ್ಲದು.

ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ರಂಗಂಪೇಟೆಯಲ್ಲಿದ್ದಳು, ಜಲಾಲುದ್ದೀನ ಉಸ್ತಾದನ ಅಂಗಡಿಯ ಮುಂದೆ.

ಜಲಾಲುದ್ದೀನ ಮೊಬೈಲ್, ರೇಡಿಯೋ, ಗೋಡೆ ಗಡಿಯಾರ ಎಲ್ಲ ರಿಪೇರಿ ಮಾಡುತ್ತಿದ್ದ. ಕೇಳಿದರೆ ಕೆಟ್ಟ ಸಂಬಂಧಗಳನ್ನೂ ರಿಪೇರಿ ಮಾಡುತ್ತೇನೆ ಎನ್ನುತ್ತಿದ್ದ. ಆದರೆ ಅವನ ಹೆಸರು ನಿಂತದ್ದು ಬೇರೆ ಕಾರಣಕ್ಕೆ. ಆ ಸೀಮೆಯ ಜನ ಹೊಸ ವಸ್ತುವಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಜೀವ ಹೋದರೂ ಕೀಳುವುದಿಲ್ಲ. ಟ್ರ್ಯಾಕ್ಟರಿನ ಸೀಟಿಗೂ ಹಾಳೆ, ಟೀವಿಯ ರಿಮೋಟಿಗೂ ಹಾಳೆ. ಫ್ರಿಜ್ಜಿನ ಹಾಳೆ ಮಾಸಿ, ಫ್ರಿಜ್ಜಿಗೆ ಚಿಬ್ಬು ಬಂದಂತೆ ಕಂಡರೂ ಕೀಳರು. ಜಲಾಲುದ್ದೀನ ಏನು ಮಾಡುತ್ತಿದ್ದನೆಂದರೆ, ಮಬ್ಬಾಯಿತೆಂದು ಯಾರಾದರೂ ಮೊಬೈಲು ತಂದರೆ ಒಳಗೆ ಹೋಗಿ ಹಾಳೆ ಸರ್ರನೆ ಕಿತ್ತು, ಹೊರಗೆ ತಂದು ಫಳಫಳ ತೋರಿಸುತ್ತಿದ್ದ. ಜನ ಬೆರಗಾಗಿ ಅವನ ಕೈಗೆ ಮುತ್ತಿಡುತ್ತಿದ್ದರು. ಹೀಗೆ ಹಾಳೆ ಕಿತ್ತು ಕಿತ್ತೇ ಎರಡಂತಸ್ತಿನ ಮನೆ ಕಟ್ಟಿದವನು. ಹಾಳೆ ಕಂಡರೆ ಅವನ ಉಗುರು ತಾನೇ ಏಳುತ್ತಿತ್ತು.

ಅವನು ಡಬ್ಬಿ ಬಿಚ್ಚಿ, ಬಿರುಕು ಬಿಟ್ಟ ಪದರವನ್ನು ಚಿಮಟದಿಂದ ಎತ್ತಿ ಹಿಡಿದ.

"ಅಕ್ಕಾ, ಇದು ಮುಟ್ಟೋ ಪದರ. ಮ್ಯಾಲೆ ಪ್ಲಾಸ್ಟಿಕ್ಕು, ಕೆಳಗ ಗಾಜು, ನಡುವ ಸಣ್ಣ ಸಂದಿ. ಕೌದಿ ಹೊದ್ದು ಮಲಗಿದವಗ ಮ್ಯಾಲಿಂದ ಎಲ್ಲಿ ಒತ್ತಿದ್ರೂ ತಿಳೀತದಲ್ಲ, ಹಂಗ. ಉಗುರಿಂದ ಒತ್ತು, ಜೋಳದ ದಂಟಿಂದ ಒತ್ತು, ನಡೀತದ. ಆದ್ರ ಒಂದ ಕಡೆ ಒತ್ತಬೇಕು. ಎರಡು ಕಡೆ ಒತ್ತಿದ್ರ ಇದಕ್ಕ ಗೊಂದಲ ಆಗಿ, ನಟ್ಟನಡುವಿನ ಜಾಗ ಹಿಡೀತದ. ನೀ ಏನರೆ ಒನಕಿ ತಗೊಂಡು ಹೊಡದಿಯೇನು?"

"ಕುರ್ಪಿ."

"ಮಾಶಾ ಅಲ್ಲಾ!"

ಹಳೇ ಡಬ್ಬಿಯೊಂದರಿಂದ ಮುಟ್ಟುವ ಪದರ ತೆಗೆದು ಇದಕ್ಕೆ ಅಂಟಿಸಲು ಹೊರಟ. ಅಂಟಿಸುವ ಮೊದಲು ಕೆಳಗಿನ ಪರದೆಯನ್ನು ಒರೆಸಿದ. ಅದರ ಮೂಲೆಯಲ್ಲಿ, ಅಂಟಿಕೊಂಡ ಇನ್ನೊಂದು ತೆಳು ಹಾಳೆಯ ಅಂಚು ಕಂಡಿತು. ಉಗುರು ಎದ್ದಿತು.

"ಮುಂಬೈ ಮಂದೀನೂ ನಮ್ಮಂಥವರ ನೋಡು, ಹಾಳಿ ಕಿತ್ತೇ ಇಲ್ಲ" ಎನ್ನುತ್ತ ಸರ್ರನೆ ಎಳೆದ. ಅದು ಬಾ ಎಂದರೆ ಬರಲಿಲ್ಲ. ಹಾಳೆಗಳ ಸುಲ್ತಾನ ಅವನು, ಬಿಟ್ಟಾನೆಯೇ? ಮೊಣಕಾಲು ಊರಿ ಕಿತ್ತ. ಪದರ ಅಂಟಿಸಿ, ತಿರುಪು ಬಿಗಿದು, ಡಬ್ಬಿ ತೆರೆದ.

ಮೇಲಿನ ಪರದೆಯಲ್ಲಿ ಲೆಕ್ಕ ಇತ್ತು. ಕೆಳಗಿನ ಪರದೆ ಹಾಲಿನಂತೆ ಬಿಳುಪು. ಗದ್ದೆ ಇಲ್ಲ, ಬಿಲ ಇಲ್ಲ, ಇಲಿಯ ಬಾಲವೂ ಇಲ್ಲ.

ಅವನು ಡಬ್ಬಿಯನ್ನು ಕುಲುಕಿದ, ಊದಿದ, ಮುಚ್ಚಿ ಮತ್ತೆ ತೆರೆದ. ಆಮೇಲೆ ಜಲಾಲುದ್ದೀನ ಗಂಟಲು ಸರಿಮಾಡಿಕೊಂಡ.

"ಹೊಸ ಪದರ ಅಲ್ಲ, ಸ್ವಲ್ಪ ನಾಚಿಕಿ ಮಾಡ್ತದ. ಮನಿಗೆ ಒಯ್ಯಿ, ಬೆಳಿಗ್ಗೆ ತನಕ ಬಿಡು."

"ಉಸ್ತಾದ, ಇದು ಡಬ್ಬಿನೋ ಹೊಸಾ ಮದುಮಗಳೋ?"

"ಅಕ್ಕಾ, ಕೂಲಿ ಬ್ಯಾಡ, ಹೋಗು."

ಕೂಲಿ ಬೇಡ ಎಂದಾಗಲೇ ಬಾಲಮ್ಮನಿಗೆ ಗೊತ್ತಾಯಿತು, ಕೆಲಸ ಕೆಟ್ಟಿತೆಂದು. ಬಸ್ಸಿನಲ್ಲಿ ಊರ ತನಕ ಅವಳು ಒಂದು ಮಾತೂ ಆಡಲಿಲ್ಲ. ಕಂಡಕ್ಟರು ಹೆದರಿ, ಈಕೆ ಯಾರಿಗಾದರೂ ವಿಷ ಹಾಕಲು ಹೊರಟಿದ್ದಾಳೆಯೇ ಎಂದು ಎರಡು ಸಲ ವಿಚಾರಿಸಿದ.

ಅಂಗಳಕ್ಕೆ ಬಂದು ನೋಡಿದರೆ ಕಟ್ಟೆಯ ಮೇಲೆ ಮೆಹಬೂಬನೇ ಕೂತಿದ್ದಾನೆ! ಡಬ್ಬಿ ಹೇಗಿದೆ ನೋಡಿ ಹೋಗಲು ಬಂದವನು. ಬಾಲಮ್ಮ ಹಿಂದಿನ ಬಾಗಿಲಿಗೆ ಜಾರುವ ಮೊದಲೇ ಅವಳ ಚೀಲದಿಂದ ಡಬ್ಬಿ ಕಸಿದು ತೆರೆದೇಬಿಟ್ಟ. ಅವಳು ಕಣ್ಣು ಮುಚ್ಚಿ, ಬೈಗುಳ ಬೀಳಲಿ ಎಂದು ತಲೆ ತಗ್ಗಿಸಿ ನಿಂತಳು.

"ಟುಂಯ್" ಎಂದಿತು ಡಬ್ಬಿ. "ಟುಂಯ್, ಟುಂಯ್."

ಬಾಲಮ್ಮ ಒಂದು ಕಣ್ಣು ತೆರೆದಳು. ಮೆಹಬೂಬ ಕತ್ತನ್ನು ಒಂದು ಕಡೆಗೆ ವಾಲಿಸಿಕೊಂಡು ಪೆನ್ನಿನಿಂದ ಬಿಳಿ ಪರದೆಯನ್ನು ಕುಕ್ಕುತ್ತಿದ್ದ.

"ಚಲೋ ಇಟ್ಟೀ ಅಕ್ಕಾ. ಬಣ್ಣ ಒಂಚೂರು ಮಬ್ಬಾಗ್ಯಾವ, ಕತ್ತು ವಾರೆ ಮಾಡಿದ್ರ ಸರಿ ಕಾಣ್ತಾವ."

"ಏನ್ ಕಾಣ್ತಾವ?"

"ಇಲಿ! ಮತ್ತೇನು, ಆನಿ?"

ಬಾಲಮ್ಮ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಬಿಳುಪು. ಅವನಿಗೆ ಹುಚ್ಚು ಹಿಡಿದಿದೆಯೋ ತನಗೋ ಎಂದು ಒಂದು ಗಳಿಗೆ ಲೆಕ್ಕ ಹಾಕಿದಳು. ಮೇಲಿನ ಪರದೆಯ ಲೆಕ್ಕ ಏರುತ್ತಲೇ ಇತ್ತು, ಅಂದರೆ ಇಲಿಗಳು ಇರುವುದು ನಿಜ. ಅವನಿಗಿದ್ದು ತನಗಿಲ್ಲದ್ದು ಏನು? ಬುದ್ಧಿಯಂತೂ ಅಲ್ಲ. ಅವಳ ಕಣ್ಣು ಅವನ ಕನ್ನಡಕದ ಮೇಲೆ ನಿಂತಿತು.

"ಮೆಹಬೂಬಾ, ತಮ್ಮಾ, ಯಾಕೋ ಕಣ್ಣು ಉರ್‍ಯಾಕತ್ತಾವ. ಆ ಚಸ್ಮಾ ಒಂಚೂರು ಕೊಡು."

ಮೆಹಬೂಬ ಅದನ್ನು ತೆಗೆದ. ಕಣ್ಣಿನ ಸುತ್ತ ಎರಡು ಬೆಳ್ಳನೆಯ ಚಕ್ರ. ಹಗಲಲ್ಲಿ ಸಿಕ್ಕಿಬಿದ್ದ ಗೂಬೆಯ ಹಾಗೆ ಕಂಡ. ಅವನು ಡಬ್ಬಿಯ ಕಡೆ ತಿರುಗುವಷ್ಟರಲ್ಲಿ ಬಾಲಮ್ಮ ಮುಚ್ಚಳ ಪಟ್ಟನೆ ಮುಚ್ಚಿ, ಕನ್ನಡಕ ಏರಿಸಿ, ಅವನಿಗೆ ಬೆನ್ನು ಮಾಡಿ ಮತ್ತೆ ತೆರೆದಳು.

ಗದ್ದೆ ಇತ್ತು. ಬಿಲ ಇದ್ದವು. ಇಲಿಗಳು ಇದ್ದವು, ಒಂದೊಂದೂ ಅಂಬ್ರಪ್ಪನ ಸೋದರಳಿಯನ ಹಾಗೆ. ಕತ್ತು ನೆಟ್ಟಗಿಟ್ಟರೆ ಎಲ್ಲ ಮಸುಕು, ಬಲಕ್ಕೆ ವಾಲಿಸಿದರೆ ಸ್ವಚ್ಛ, ಎಡಕ್ಕೆ ವಾಲಿಸಿದರೆ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಇಲಿಗಳೆಲ್ಲ ದೆವ್ವಗಳಾಗುತ್ತಿದ್ದವು.

"ಎರಡು ದಿನ ಇಟ್ಕೋತೀನಪ, ಕಣ್ಣಿಗೆ ತಂಪದ."

"ತಂಪಿರದ ಏನು? ಎಷ್ಟು ಬಿಸಿಲಿದ್ರೂ ರಸ್ತಾ ಮಿಂಚಂಗಿಲ್ಲ ಇದರಾಗ. ಮಾರಿದಂವ ಇದನ್ನ ಹಾಕ್ಕೊಂಡ ಕಡಲಾಗ ಮೀನು ನೋಡ್ತಿದ್ನಂತ" ಎಂದು ಹೇಳಿ, ಬರಿಗಣ್ಣಿನಲ್ಲಿ ಬಿಸಿಲಿಗೆ ತಡವರಿಸುತ್ತ, ಎಮ್ಮೆಗೆ ಡಿಕ್ಕಿ ಹೊಡೆದು, ಎಮ್ಮೆಗೇ ಸಲಾಂ ಹೇಳಿ ಮೆಹಬೂಬ ಮನೆಗೆ ಹೋದ. ಬಾಲಮ್ಮನ ಕಿವಿಗೆ ಮೀನಿನ ಮಾತು ಬೀಳಲೇ ಇಲ್ಲ. ಅವಳಾಗಲೇ ಕತ್ತು ಬಲಕ್ಕೆ ವಾಲಿಸಿ, ಬಲಗೈಯ ಕಿರುಬೆರಳಿನ ಉಗುರಿನಿಂದ ಇಲಿಯ ವಂಶ ತೀರಿಸತೊಡಗಿದ್ದಳು.

ಪಂದ್ಯದ ದಿನ ಬೇವಿನ ಕೆಳಗೆ ಊರಿಗೆ ಊರೇ ನೆರೆಯಿತು. ಯಾದಗಿರಿಯಿಂದ ರೈಲು ಬಿಟ್ಟು ಬಂದವರೂ ಇದ್ದರೆಂದು ಹೇಳುವವರಿದ್ದಾರೆ. ಬಾಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕರೀ ಕನ್ನಡಕ ಹಾಕಿಕೊಂಡು ಬಂದಾಗ ಹುಡುಗರು ಸೀಟಿ ಹೊಡೆದರು.

"ಕಣ್ಣು ಬ್ಯಾನಿ" ಎಂದಳು ಗಂಭೀರವಾಗಿ.

"ನಾನ ಮೊದಲ" ಎಂದು ಅಂಬ್ರಪ್ಪ ಡಬ್ಬಿ ಕಸಿದುಕೊಂಡು ತೆರೆದ. ತೆರೆದವನು ಹಾಗೇ ಕೂತ.

"ಯಾಕ ಮಾವ? ಕಾಣವಲ್ದೇನು?" ಎಂದಳು ಬಾಲಮ್ಮ ಸಕ್ಕರೆ ದನಿಯಲ್ಲಿ. "ವಯಸ್ಸಾಯ್ತು ನಿನಗ."

ಇಲ್ಲಿ ಕೂತೇ ದೂರದ ತಿಂಥಣಿ ಮೌನಪ್ಪನ ಗುಡಿಯ ದೀಪದ ಬತ್ತಿ ಎಣಿಸುತ್ತೇನೆ ಎಂದು ವರ್ಷಗಟ್ಟಲೆ ಕೊಚ್ಚಿಕೊಂಡವನು ಅಂಬ್ರಪ್ಪ. ಇಷ್ಟು ಮಂದಿಯ ಮುಂದೆ ಕಾಣುವುದಿಲ್ಲ ಎಂದಾನೇ?

"ಯಾಕ ಕಾಣಂಗಿಲ್ಲ? ಎಲ್ಲಾ ಕಾಣ್ತದ!" ಎಂದವನೇ, ಎಲ್ಲಿದ್ದರೂ ಒಂದಕ್ಕಾದರೂ ತಗಲಲಿ ಎಂದು ಐದೂ ಬೆರಳಿನಿಂದ ಪರದೆಯನ್ನು ಹಿಟ್ಟು ನಾದಿದಂತೆ ನಾದತೊಡಗಿದ. ಅವನು ಎಷ್ಟು ಕಡೆ ಒತ್ತಿದನೋ, ಡಬ್ಬಿ ಅಷ್ಟೂ ಬಾರಿ ನಟ್ಟನಡುವಿನ ಜಾಗವನ್ನೇ ಹಿಡಿಯಿತು. ನಟ್ಟನಡುವೆ ಬಿಲವೇ ಇರಲಿಲ್ಲ. ಕೊನೆಗೆ ಬೆವರು ಒರೆಸಿಕೊಳ್ಳುವಾಗ ಮೊಣಕೈ ತಾಗಿ ಒಂದು ಇಲಿ ಸತ್ತಿತು.

"ಒಂದು" ಎಂದು ಅಯ್ಯಪ್ಪ ಮುತ್ಯಾ ಸಾರಿದ.

ಬಾಲಮ್ಮ ಕೂತಳು. ಕೊಕ್ಕರೆ ಮೀನು ನೋಡುವಂತೆ ಕತ್ತು ಬಲಕ್ಕೆ ವಾಲಿತು. ಕಿರುಬೆರಳಿನ ಉಗುರು ಏಳುತ್ತ ಬೀಳುತ್ತ ಹೋಯಿತು. ಹಿಂದೆ ನಿಂತವರಿಗೆ ಕಾಣುತ್ತಿದ್ದದ್ದು ಬರೀ ಬಿಳುಪು, ಆದರೆ ಮೇಲಿನ ಪರದೆಯ ಲೆಕ್ಕ ಗಾಳಿಪಟದ ಹಾಗೆ ಮೇಲೆ ಮೇಲೆ ಏರಿತು. ಜನ ಪಿಸುಗುಟ್ಟಿದರು. ಯಾರೋ ಮೌನಪ್ಪನ ಕೃಪೆ ಎಂದರು. ಬಾಲಮ್ಮ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಮೌನಪ್ಪನ ವಿಷಯದಲ್ಲಿ ಮೌನವೇ ಲೇಸೆಂದು ಇನ್ನೊಂದು ಇಲಿ ಹೊಡೆದಳು.

ಆಟ ಮುಗಿದಾಗ ಅರವತ್ತು ದಾಟಿತ್ತು.

"ನನ್ನ ಡಬ್ಬಿ ಸತ್ತದಲ್ಲೋ!" ಎಂದು ಗುಂಪಿನಿಂದ ಒಂದು ಕೂಗು. ಗೂಬೆಗಣ್ಣಿನ ಮೆಹಬೂಬ ಬಗ್ಗಿ ನೋಡುತ್ತಿದ್ದ. "ಎಲ್ಲಾ ಬೆಳ್ಳಗಾಗ್ಯದ! ನಿನ್ನೆ ಕಾಣ್ತಿತ್ತು, ಚಸ್ಮಾ ಇದ್ದಾಗ ಕಾಣ್ತಿತ್ತು..."

ಅಂಬ್ರಪ್ಪ ದಡ್ಡನಲ್ಲ. ಒಂದೇ ನೆಗೆತಕ್ಕೆ ಬಾಲಮ್ಮನ ಮುಖದಿಂದ ಕನ್ನಡಕ ಕಿತ್ತು ಹಾಕಿಕೊಂಡ. ಅತ್ತ ಇತ್ತ ಕತ್ತು ತಿರುಗಿಸಿದ. ಆಮೇಲೆ ಕುಣಿದ ನೋಡಿ, ವರ್ಷಗಳ ಹಿಂದೆ ಬಿಟ್ಟಿದ್ದ ಲೆಜಿಮ್ ಕುಣಿತ!

"ಇಲಿ ಅವ! ಇದರಾಗ ಇಲಿ ಅವ! ಮುತ್ಯಾ, ಮೋಸ! ಮೋಸದ ಮನಿಗೆ ಕಡೀ ಪಾಳಿ, ನೀನ ಹೇಳಿದಿ!"

ಅಯ್ಯಪ್ಪ ಮುತ್ಯಾ ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ, ಮತ್ತೆ ಹಾಕಿ ನೋಡಿದ. ಅವನ ಮುಖ ಇಳಿಯಿತು.

"ಬಾಲಮ್ಮ, ಇದೇನವ್ವಾ?"

ಬಾಲಮ್ಮನಿಗೆ ಜೀವಮಾನದಲ್ಲಿ ಮೊದಲ ಸಲ ಬಾಯಿಗೆ ಮಾತು ಬರಲಿಲ್ಲ. ತನ್ನ ಮಡಿಯಲ್ಲಿ ಬಿತ್ತಿದ ಭತ್ತ ಬಾಯಿ ತೆರೆದು ಕೂತಿರುವುದು ಕಣ್ಣಿಗೆ ಕಟ್ಟಿತು. ಅಂಬ್ರಪ್ಪನ ಸೇರು, ಅದರ ಮೇಲಿನ ಹಿಡಿ ಅಕ್ಕಿ, ಆ ನಗು. ಮುತ್ಯಾನ ಕೈಯಿಂದ ಕನ್ನಡಕ ಕಿತ್ತುಕೊಂಡು, "ಮೆಹಬೂಬನ ಮಾಲು, ಅವಗ ಕೊಡ್ತೀನಿ" ಎಂದು ಗೊಣಗಿ, ಏರಿಸಿಕೊಂಡು ಕಾಲುವೆಯ ಕಡೆ ಮುಖ ತಿರುಗಿಸಿದಳು. ಅತ್ತಳೆಂದು ಯಾರೂ ಹೇಳಬಾರದು. ಬಾಲಮ್ಮ ಅಳುವವಳಲ್ಲ. ಕಣ್ಣಿಗೆ ನುಸಿ ಬಿದ್ದಿತ್ತು, ಎರಡೂ ಕಣ್ಣಿಗೆ.

ಕತ್ತು ಇನ್ನೂ ಬಲಕ್ಕೇ ವಾಲಿತ್ತು. ನೀರು ತಗಡಿನಂತೆ ಹೊಳೆಯಿತು. ನುಸಿ ಒರೆಸಿಕೊಳ್ಳಲು ತಲೆ ನೆಟ್ಟಗೆ ಮಾಡಿದಳು.

ತಗಡು ಮಾಯವಾಯಿತು.

ಹೊಳಪೆಲ್ಲ ಯಾರೋ ಸೆರಗಿನಿಂದ ಒರೆಸಿದಂತೆ ಹೋಗಿ, ಕಾಲುವೆಯ ತಳ ಕಂಡಿತು. ಸಿಮೆಂಟಿನ ಗೀರು, ಪಾಚಿ, ಒಂದು ಹಳೇ ಚಪ್ಪಲಿ, ಮೀನಿನ ಮರಿ. ಮತ್ತು ತೂಬಿನಿಂದ ಸ್ವಲ್ಪ ಆಚೆ, ನೀರೊಳಗೆ ಮೊಳದಷ್ಟು ಕೆಳಗೆ, ಕಲ್ಲು ಕಟ್ಟಿ ಮುಳುಗಿಸಿದ ಒಂದು ಕರೀ ಪೈಪು. ಬಾಯಿ ತೆರೆದುಕೊಂಡು, ದಂಡೆಯ ಮಣ್ಣಿನೊಳಗೆ ತೂರಿ, ನೇರ ಅಂಬ್ರಪ್ಪನ ಹೊಲದ ಮೂಲೆಗೆ ಹೋಗಿತ್ತು.

ಬಾಲಮ್ಮನ ಮಾತು ವಾಪಸು ಬಂತು. ಹೋದದ್ದಕ್ಕಿಂತ ದುಪ್ಪಟ್ಟಾಗಿ ಬಂತು.

"ಲ್ಯೋ ಅಂಬ್ರ್ಯಾ! ನಿಮ್ಮ ಮುತ್ಯಾನ ಪುಣ್ಯಾ ಇಲ್ಲಿ ಬಾಯಿ ತಕ್ಕೊಂಡು ನೀರು ಕುಡ್ಯಾಕತ್ತದ, ಬಾ ನೋಡ್ಬಾ!"

ಬೇವಿನ ಗಿಡದ ಕಾಗೆಗಳು ಎದ್ದು ಹಾರಿದವು. ಕೆಲವು ಇನ್ನೂ ಮರಳಿಲ್ಲ. ಅಯ್ಯಪ್ಪ ಮುತ್ಯಾ ಓಡಿಬಂದು ಕನ್ನಡಕ ಹಾಕಿ, ರೂಢಿಯಂತೆ ಕತ್ತು ವಾರೆ ಮಾಡಿದ.

"ಏನೂ ಕಾಣವಲ್ದಲ್ಲ!"

"ಇಲಿಗೆ ವಾರೆ, ನೀರಿಗೆ ನೆಟ್ಟಗ, ಮುತ್ಯಾ!" ಎಂದು ಬಾಲಮ್ಮ ಅವನ ಗದ್ದ ಹಿಡಿದು ನೆಟ್ಟಗೆ ಮಾಡಿದಳು.

ಮುತ್ಯಾ ನೋಡಿದ. ಕನ್ನಡಕವನ್ನು ಪಕ್ಕದವನಿಗೆ ದಾಟಿಸಿದ. ಅದು ಕೈಯಿಂದ ಕೈಗೆ ಹೋಗುತ್ತಿದ್ದಂತೆ ಒಬ್ಬೊಬ್ಬರ ಬಾಯಿಂದ ಒಂದೊಂದು ಬೈಗುಳ ಹೊರಬಿತ್ತು. ಎರಡು ಜನ ನೀರಿಗೆ ಹಾರಿ ಪೈಪು ಜಗ್ಗಿದರು. ಅತ್ತ ಅಂಬ್ರಪ್ಪನ ಹೊಲದ 'ಒರತೆ' ಗೊಳಗೊಳ ಎಂದು ಕೊನೆಯ ತೇಗು ತೇಗಿ ನಿಂತಿತು.

"ಆಕಿ ಮೋಸ ಮಾಡ್ಲಿಲ್ಲೇನು?" ಎಂದ ಅಂಬ್ರಪ್ಪ, ದನಿ ಸಣ್ಣದಾಗಿ. "ಇಬ್ಬರದೂ ಮೋಸಾನ."

"ಹೌದಪ, ನಾನೂ ಕದ್ದೀನಿ" ಎಂದಳು ಬಾಲಮ್ಮ ಸೊಂಟದ ಮೇಲೆ ಕೈಯಿಟ್ಟು. "ನಾ ಕದ್ದದ್ದು ಇಲಿ. ಅದೂ ಇಲ್ಲದ ಇಲಿ. ನೀ ಕದ್ದದ್ದು ಊರ ನೀರು. ತೂಗ್ರಿ ನೋಡೋಣು!"

ಅಯ್ಯಪ್ಪ ಮುತ್ಯಾ ಗಡ್ಡ ಕೆರೆದುಕೊಂಡ.

"ಇಬ್ರೂ ಕಳ್ಳರ. ಕಳ್ಳರೊಳಗ ಸಣ್ಣ ಕಳ್ಳಿಗೆ ಮೊದಲ ನೀರು. ದೊಡ್ಡ ಕಳ್ಳಗ ಕಡೀ ಪಾಳಿ. ತೂಬು ತೆಗೀರಿ."

ತೂಬು ತೆಗೆದರು. ನೀರು ನೊರೆ ಕಾರುತ್ತ, ಕಸ ನೂಕುತ್ತ ಬಾಲಮ್ಮನ ಮಡಿಗೆ ನುಗ್ಗಿತು. ಅವಳು ಮೊಣಕಾಲ ತನಕ ಸೀರೆ ಎತ್ತಿ ನಿಂತು, ದಂಡೆಯ ಮೇಲಿದ್ದ ಅಂಬ್ರಪ್ಪನಿಗೆ ಕೇಳುವಂತೆ ಹೇಳಿದಳು: "ಸುಗ್ಗಿಗೆ ಚೀಲ ತಗೊಂಡು ಬಾ ಮಾವ. ಕಲ್ಲಿಲ್ಲದ ಅಕ್ಕಿ ಕೊಡ್ತೀನಿ."

ಕನ್ನಡಕ ಮೆಹಬೂಬನಿಗೆ ಮರಳಲಿಲ್ಲ. ಅದು ಊರ ಆಸ್ತಿ, ಕಾಲುವೆ ಕಾಯಲು ಬೇಕು ಎಂದು ಮುತ್ಯಾ ಅದನ್ನು ಡಬ್ಬಿಯ ಸಮೇತ ಹಣಮಪ್ಪನ ಗುಡಿಯಲ್ಲಿ, ಹಿಂದೆ ದುಂಡುಕಲ್ಲಿದ್ದ ಜಾಗದಲ್ಲೇ ಇಡಿಸಿದ. ಇಮಾಮಬೀ ಗಂಡನ ಕಣ್ಣು ಕಂಡು, "ಇವನ್ನೇನು ಇಷ್ಟು ದಿನ ಮುಚ್ಚಿಟ್ಟಿದ್ದಿ!" ಎಂದು ಒಂದು ವಾರ ನಕ್ಕಳು. ಸುದ್ದಿ ರಂಗಂಪೇಟೆಗೆ ಮುಟ್ಟಿದಾಗ ಜಲಾಲುದ್ದೀನ, ಬೇಕೆಂದೇ ಹಾಗೆ ಮಾಡಿದ್ದೆ ಎಂದ. ಪರದೆಯ ಒಳಗೊಂದು ಹೊರಗೊಂದು, ಹೇನು ತೆಗೆಯುವ ಬಾಚಣಿಗೆಯಂಥ ಹಾಳೆ ಇರುತ್ತವೆ, ಬೆಳಕು ಎರಡರ ಹಲ್ಲಿನಿಂದಲೂ ತೂರಿ ಬಂದರೇ ಚಿತ್ರ. ಹೊರಗಿನದನ್ನು ತಾನು ಕಿತ್ತೆ, ಅದರ ಜೋಡಿ ಆ ಕನ್ನಡಕದಲ್ಲಿತ್ತು ಎಂದು ಗಿರಾಕಿಗಳಿಗೆ ಪಾಠ ಹೇಳಿದ. ಮರುದಿನದಿಂದ, ಪರದೆಯ ಹಾಳೆ ಕೀಳಿಸಿ, ಅಂಥದೇ ಕನ್ನಡಕ ಹಾಕಿ, ಹೆಂಡತಿಗೆ ಕಾಣದ ಹಾಗೆ ಮೊಬೈಲು ನೋಡಬೇಕೆಂಬ ಗಂಡಸರು ಅವನ ಅಂಗಡಿಯಿಂದ ಸುರಪುರದ ಕೋಟೆಯ ತನಕ ಸಾಲು ನಿಂತರು. ಅವನು ಮೂರನೆಯ ಅಂತಸ್ತು ಎಬ್ಬಿಸಿದ.

ಮಡಿಯಲ್ಲಿ ಸಸಿ ಗೇಣುದ್ದ ಎದ್ದ ದಿನ ಬಾಲಮ್ಮ ಬದುವಿನ ಮೇಲೆ ನಿಂತು ಗಂಡನನ್ನು ಕೂಗಿದಳು. ಶಹಾಪುರದಲ್ಲಿ ನಾಲ್ಕು ಜನ ಎದ್ದರು. ಅವಳ ಮರಿಲಿಂಗಪ್ಪ ಏಳಲಿಲ್ಲ. ಹೋಗಿ ನೋಡಿದರೆ, ಬೇವಿನ ಕೆಳಗೆ ಮಲಗಿದ್ದಾನೆ. ಮುಖಕ್ಕೆ ಗುಡಿಯ ಕನ್ನಡಕ, ಎದೆಯ ಮೇಲೆ ಡಬ್ಬಿ, ಕತ್ತು ಬಲಕ್ಕೆ ವಾರೆ. ಟುಂಯ್, ಟುಂಯ್.

"ಏನ್ ಮಾಡಾಕತ್ತೀಯೋ ನನ್ನ ಗಂಡಾ?"

"ಬರೋ ವರ್ಷದ ತಯಾರಿ" ಎಂದ ಮರಿಲಿಂಗಪ್ಪ, ಕಣ್ಣೆತ್ತದೆ. "ಕಲ್ಲಿಗಿಂತ ಹಗುರ ಅದ."